ಸರ್ರಾ ಎಂಬ ಪಶುರೋಗವೂ ಅದರ ಸೂಕ್ಷ್ಮಜೀವಿಯೂ

ಒಂದೇ ಕೋಶದಿಂದಾದ ಜೀವಿಗಳ ವಿಷಯವನ್ನು ನಮ್ಮ ವಿದ್ಯಾರ್ಥಿನಿಯರು ಪಾಠದಲ್ಲಿ ಓದಿಯೇ ಇರುವರು. ಕೆರೆಯ ನೀರಿನ ಒಂದು ಹನಿಯನ್ನು ಗಾಜಿನ ತುಂಡಿನ ಮೇಲಿಟ್ಟು ಸೂಕ್ಷ್ಮದರ್ಶಕ ಯಂತ್ರದಿಂದ ನೋಡುವಾಗ, ಅಮೀಬವೂ ಪ್ಯಾರಮೀಸಿಯವೂ ಅತ್ತಿತ್ತ ಚಲಿಸುವುದನ್ನು ಕಂಡು ಹಿಗ್ಗದ ತರಗತಿಯನ್ನು ನಾವು ಇದುವರೆಗೆ ಕಂಡಿಲ್ಲ. ಹಿಂದಿನ ಪುಸ್ತಕಗಳು ಇವುಗಳನ್ನು ಪ್ರಾಣಿವರ್ಗದ ಮೊದಲನೆಯ ಮೆಟ್ಟಿಲಿನಲ್ಲಿಟ್ಟಿದ್ದುವು. ಈಗಿನ ಪಂಡಿತರು ಬೇರೆ ಗುಂಪುಗಳಲ್ಲಿ ಹಂಚಿರುವರು. ಹೇಗಿದ್ದರೂ ಇವುಗಳನ್ನು ಸರಳಜೀವಿಗಳೆಂದು ಹೇಳಿ ಪಾಠವು ಮುಂದಕ್ಕೆ ಸಾಗುವುದರಿಂದ, ಇವು ಸಾಧುವಾದ ಅಲ್ಪಪ್ರಾಣಿಗಳೆಂಬ ಭಾವನೆಯು ಮಕ್ಕಳ ಮನಸ್ಸಿನಲ್ಲಿ ಉಳಿದುಬಿಡುವುದು. ಇವುಗಳಲ್ಲಿ ಕೆಲವು ಇತರ ಪ್ರಾಣಿಗಳ ಶರೀರದೊಳಗೇ ಬಿಡಾರ ಹೂಡಿ, ಅವುಗಳ ಅನ್ನವನ್ನು ಉಂಡು, ಕಡೆಗೆ ಅವುಗಳನ್ನೇ ಕೊಲ್ಲುವುವು. ಮನುಷ್ಯರಿಗೆ ಬರುವ ಮಲೇರಿಯಾ ಜ್ವರವು ಇಂಥ ಪರೋಪಜೀವಿಯಿಂದ ಉಂಟಾಗುವುದೆಂಬುದನ್ನು ಎಲ್ಲರೂ ಬಲ್ಲರು. ದನ, ಎಮ್ಮೆ, ಕುದುರೆ, ಒಂಟೆಗಳ ನೆತ್ತರಿನಲ್ಲಿ ವಾಸಿಸುವ ಪರೋಪಜೀವಿಗಳ ಮಾತು ಅಷ್ಟಾಗಿ ಕೇಳಿಬರುವುದಿಲ್ಲ. ಅವುಗಳಲ್ಲಿ ಒಂದನ್ನು ಕುರಿತು ಇಲ್ಲಿ ಬರೆಯುವೆವು. ಅದನ್ನು ಮೊದಲು ಕಂಡದ್ದು ಹಿಂದೂದೇಶದಲ್ಲಿಯೇ. ಅದರಿಂದಾಗುವ ರೋಗವು ಇಂದಿಗೂ ನಮ್ಮ ನಾಡಿನ ಕೊಟ್ಟಿಗೆಗಳನ್ನು ಬಿಟ್ಟುಹೋಗಿಲ್ಲ. ಮತ್ತು ಅದು ರೋಗಕಾರಣವೆಂದು ಲೋಕವು ಒಪ್ಪಿಕೊಂಡ ಬಗೆಯು ರೋಗದಷ್ಟೇ ವಿಚಾರಯೋಗ್ಯವಾಗಿದೆ.

ರೋಗದ ಹೆಸರು ಸರ್ರಾ. ಕೊಳೆತದ್ದು ಎಂಬರ್ಥವುಳ್ಳ ಉತ್ತರದೇಶದ ಮಾತಿನಿಂದ ಈ ಹೆಸರು ಬಂದಿತೆಂದು ಹೇಳುವರು. ಸರ್ರಾ ಹಿಡಿದ ಕುದುರೆಗೆ ಜ್ವರವು ಬಿಟ್ಟು ಬಿಟ್ಟು ಬರುವುದು. ಮೇವು ತಿನ್ನುತ್ತಿದ್ದರೂ ಮೈ ಇಳಿಯುವುದು. ಕಣ್ಣಿನ ಒಳರೆಪ್ಪೆ ಬಿಳಿಚುವುದು. ಕಾಲುಗಳಲ್ಲಿಯೂ ಹೊಟ್ಟೆಯ ಕೆಳಗೂ ಬಾವು ಕಾಣುವುದು. ಕೊನೆಕೊನೆಗೆ ಹಿಂಗಾಲುಗಳು ಸೋತು ತೂರಾಡುವುವು. ಚಿಕಿತ್ಸೆಯಿಲ್ಲದಿದ್ದರೆ ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಮರಣ. ಒಂಟೆಯಲ್ಲಿ ಈ ರೋಗವು ವರ್ಷಗಟ್ಟಲೆ ಎಳೆಯುವುದರಿಂದ ಅದನ್ನು ಸಾಕುವವರು ಉತ್ತರದೇಶದಲ್ಲಿ ಇದಕ್ಕೆ ತಿಬರ್ಸಾ, ಎಂದರೆ ಮೂರು ವರ್ಷದ್ದು, ಎಂದು ಹೆಸರಿಟ್ಟಿರುವರು. ಅಕ್ಷರ ಕಲಿಯದ ಒಂಟೆಯವರು ಇಟ್ಟ ಈ ಹೆಸರಿನಲ್ಲಿ ಎಷ್ಟು ಪರೀಕ್ಷೆಯ ಬುದ್ಧಿ ಅಡಗಿದೆ ಎಂಬುದನ್ನು ವಾಚಕರು ಗಮನಿಸಬೇಕು.

1880ನೆಯ ಇಸವಿಯಲ್ಲಿ ಸಿಂಧೂನದಿಯ ಪಡುವಣ ದಡದ ಡೇರಾ ಇಸ್ಮಾಯಿಲ್ ಖಾನ್ ಎಂಬ ಪಟ್ಟಣದ ಕಡೆಯಲ್ಲಿ (ಈಗ ಅದು ಪಾಕಿಸ್ತಾನಕ್ಕೆ ಸೇರಿದೆ) ಸರಕಾರದ ಕುದುರೆಗಳೂ ಒಂಟೆಗಳೂ ಈ ರೋಗದಿಂದ ಸಾಯುತ್ತಿದ್ದುವು. ಆಗ ಆಫ್ಘಾನರೊಂದಿಗೆ ಯುದ್ಧವು ನಡೆಯುತ್ತಿದ್ದ ಕಾಲ. ಸೈನ್ಯದ ಸಾಮಾನುಗಳೆಲ್ಲವೂ ಪಶುಗಳ ಬೆನ್ನಿನ ಮೇಲೆಯೇ ಸಾಗಬೇಕಾಗಿತ್ತು. ಕಾರಣವನ್ನು ವಿಚಾರಿಸುವುದಕ್ಕಾಗಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರನ್ನು ಅಲ್ಲಿಗೆ ಕಳುಹಿಸಿದರು. ಇವರು ವೇಲ್ಸ್ ದೇಶದವರು. ಪಶುವೈದ್ಯವನ್ನಲ್ಲದೆ ಕೆನಡಾದಲ್ಲಿ ಮನುಷ್ಯರ ವೈದ್ಯವನ್ನೂ ಕಲಿತಿದ್ದರು. ರೋಗಪೀಡಿತ ಕುದುರೆಯ ನೆತ್ತರನ್ನು ಇವರು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ, ಕೆಂಪು ಕಣಗಳ ನಡುವೆ ತೆಳ್ಳಗಿನ ಹುಳುವಿನಂಥ ಜೀವಿಗಳು ಕಣಗಳನ್ನು ತಳ್ಳಿ ನೂಕಿ ಅತಿವೇಗದಿಂದ ಹೊರಳಾಡುತ್ತಿದ್ದುವು.

ಆ ಜೀವಿಯ ಆಕಾರವನ್ನು ಇಲ್ಲಿ ಸ್ವಲ್ಪ ವಿವರಿಸುವೆವು. ಅದರ ಉದ್ದವು ಮಿಲಿಮೀಟರಿನ ಸುಮಾರು ನಾಲ್ವತ್ತನೆಯ ಒಂದು ಪಾಲು; ಅಂದರೆ ನಾಲ್ವತ್ತನ್ನು ತಲೆಗೆ ಬಾಲ ಸೇರಿಸಿ ಸಾಲಾಗಿಟ್ಟರೆ ಅಳತೆಪಟ್ಟಿಯ ಅತಿ ಸಣ್ಣ ಮನೆಯೊಂದು ತುಂಬೀತು. ಮೈಯ ಎರಡು ತುದಿಗಳೂ ಚೂಪು. ಒಂದು ಪಕ್ಕದುದ್ದಕ್ಕೂ ರವಿಕೆಯ ತೋಳಿಗೆ ಹೊಲಿದ ಜಾಲರಿಯಂತೆ ನೆರಿಗೆನೆರಿಗೆಯಾದ ತೆಳುಪೊರೆಯಿದ್ದು, ಅದರ ಅಂಚಿನಲ್ಲಿ ಹರಿಯುವ ದಾರವು ಮುಂದಣ ತುದಿಯಲ್ಲಿ ಚಾಟಿಯ ಹಾಗೆ ಹೊರಚಾಚಿರುವುದು. ಚಾಟಿ ಬೀಸಿದಾಗ ಜಾಲರಿಯು ಅಲೆಯಾಡಿ ಇಡೀ ಮೈ ತಿರುಚಿಕೊಳ್ಳುತ್ತಾ ಮುನ್ನುಗ್ಗುವುದು. ಈ ಜಾತಿಯ ಜೀವಿಯನ್ನು ಕಪ್ಪೆಯ ನೆತ್ತರಿನಲ್ಲಿ ಕಂಡ ಗ್ರೂಬಿ ಎಂಬ ವಿದ್ವಾಂಸರು 1843ರಲ್ಲಿ ಅದಕ್ಕೆ ಟ್ರಿಪನೊಸೋಮ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಇದಕ್ಕೆ ಬೈರಿಗೆಯ ಮೈಯುಳ್ಳದ್ದೆಂದು ಅರ್ಥ. ಬಡಗಿಯು ಮರಕ್ಕೆ ಬೈರಿಗೆ ಹಾಕುವುದನ್ನು ನೋಡಿದ ಯಾರಿಗೂ ಈ ಹೆಸರು ಮರೆತುಹೋಗಲಾರದು.

ನೆತ್ತರಿನಲ್ಲಿ ಒಂದು ಜೀವಿಯನ್ನು ಕಂಡ ಮಾತ್ರಕ್ಕೆ ಅದೇ ರೋಗದ ಕಾರಣವೆಂದು ಹೇಳಲಾಗದು; ರೋಗದಿಂದ ಕೆಟ್ಟ ನೆತ್ತರಿನಲ್ಲಿ ಅದು ಅನಂತರ ಬಂದು ಸೇರಿರಬಹುದು. ಇವಾನ್ಸರು ಇದನ್ನು ಬಲ್ಲವರಾಗಿದ್ದರು. ಆದುದರಿಂದ ರೋಗಪೀಡಿತ ಪಶುವಿನ ನೆತ್ತರನ್ನು ಆರೋಗ್ಯವುಳ್ಳ ಪಶುವಿನ ಮೈಗೆ ಸೇರಿಸಿ ಕಾದುನೋಡಿದರು. ಅದಕ್ಕೂ ಜ್ವರ ಬಂದಿತು. ಅದರ ನೆತ್ತರಿನಲ್ಲಿಯೂ ಅದೇ ಜೀವಿಗಳು ಹುಟ್ಟಿದುವು. ಅದೇ ವರ್ಷದ ಕೊನೆಯಲ್ಲಿ ಅವರು ಸರಕಾರಕ್ಕೆ ವರದಿಯನ್ನು ಒಪ್ಪಿಸಿದರು. ರೋಗವನ್ನು ದೊಡ್ಡ ಕಂದುನೊಣಗಳು ಹರಡುವುವೆಂಬ ಆ ಸೀಮೆಯ ಜನರ ನಂಬಿಕೆಯನ್ನೂ ಅವರು ತಳ್ಳಿಹಾಕಲಿಲ್ಲ.

ಮೇಲಣ ವೈದ್ಯಾಧಿಕಾರಿಗಳು ಇದನ್ನು ಒಪ್ಪಲಿಲ್ಲ. ಅವರು ಮೂಢರಾಗಿದ್ದರೆಂದು ವಾಚಕರು ಭಾವಿಸಕೂಡದು. ಅವರಿಗೂ ಒಂದು ಯುಕ್ತಿಯಿತ್ತು. ಕಲ್ಕತ್ತೆಯಲ್ಲಿದ್ದ ಟಿಮೊತಿ ಲೂಯಿಸ್ ಎಂಬ ವೈದ್ಯರು 1878ರಲ್ಲಿಯೇ ಇಲಿಗಳ ನೆತ್ತರಿನಲ್ಲಿ ಇಂಥವೇ ಜೀವಿಗಳನ್ನು ಕಂಡಿದ್ದರು. ಆ ಇಲಿಗಳಾದರೋ ಯಾವ ರೋಗವೂ ಇಲ್ಲದೆ ಓಡಾಡಿಕೊಂಡಿದ್ದುವು. ಇಲಿಗೆ ಏನೂ ಮಾಡದ ಜೀವಿಯು ಕುದುರೆಯನ್ನು ಕೊಲ್ಲುವುದು ಹೇಗೆ? ಆದುದರಿಂದ ಇದು ನಿರಪಾಯವಾದದ್ದು, ಕಾರಣವನ್ನು ಬೇರೆಡೆ ಹುಡುಕಬೇಕು, ಎಂದು ಅವರು ನಿರ್ಣಯಿಸಿದರು.

ಈ ವಾದದಲ್ಲಿ ತಪ್ಪೆಲ್ಲಿದೆ? ತರ್ಕವನ್ನು ಕಲಿಸುವ ಅಧ್ಯಾಪಿಕೆಯರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದೆಂದು ನಮ್ಮ ಅಭಿಪ್ರಾಯ. ರೂಪದಲ್ಲಿ ಒಂದನ್ನೊಂದು ಹೋಲುವುವೆಲ್ಲಾ ಗುಣದಲ್ಲಿಯೂ ಒಂದೇ ಎಂದು ಅವರು ಮೊದಲೇ ಇಟ್ಟುಕೊಂಡಿದ್ದರು. ಇಲಿಯ ಟ್ರಿಪನೊಸೋಮವೇ ಬೇರೆ, ಕುದುರೆಯದೇ ಬೇರೆ. ಮೊದಲನೆಯದನ್ನು ಇಲಿಯ ಚಿಗಟವು ಸಾಗಿಸುವುದು. ಅದಕ್ಕೆ ಲೂಯಿಸರ ಹೆಸರೇ ನಿಂತಿದೆ. ಎರಡನೆಯದಕ್ಕೆ ಇವಾನ್ಸರ ಹೆಸರಿನಿಂದ ಟ್ರಿಪನೊಸೋಮ ಇವಾನ್ಸಿ ಎಂಬ ಹೆಸರು ಬಂದಿದೆ. ಆದರೆ ಅದು ಬಹುಕಾಲದ ಮೇಲಣ ಮಾತು. 1885ರಲ್ಲಿ ಬರ್ಮಾದಲ್ಲಿ ಹೇಸರಗತ್ತೆಗಳ ರೋಗವನ್ನು ಪರೀಕ್ಷಿಸಿದ ಸ್ಟೀಲ್ ಎಂಬ ಪಶುವೈದ್ಯರು ಅದೇ ಜೀವಿಯನ್ನು ಕಂಡು ಇವಾನ್ಸರ ಹೆಸರನ್ನಿಟ್ಟರಾದರೂ, ಅದನ್ನು ಬೇರೊಂದು ಕುಲಕ್ಕೆ ಸೇರಿಸಿದರು.

ಸಂದೇಹವು ತೀರಿದ್ದು ಆಫ್ರಿಕದಲ್ಲಿ. ಅಲ್ಲಿಯ ಜುಲುಲ್ಯಾಂಡಿನ ದನಗಳು ನಗಾನ ಎಂಬ ರೋಗದಿಂದ ಸಾಯುತ್ತಿದ್ದುವು. ಅದನ್ನು ವಿಚಾರಿಸಲು ಹೋದ ಡೇವಿಡ್ ಬ್ರೂಸ್ ಎಂಬ ಸೈನ್ಯದ ವೈದ್ಯರು 1895ರ ಸುಮಾರಿಗೆ ಆ ದನಗಳ ನೆತ್ತರಿನಲ್ಲಿಯೂ ಟ್ರಿಪನೊಸೋಮವನ್ನು ಕಂಡರು. ಸೆಟ್ಸಿ ಎಂಬ ಕಚ್ಚುವ ನೊಣವು ಅದನ್ನು ಕಾಡುಮೃಗಗಳಿಂದ ದನಗಳಿಗೆ ತರುವುದೆಂದು ತೋರಿಸಿಕೊಟ್ಟರು. ಈ ಕೆಲಸದಲ್ಲಿ ಅವರ ಪತ್ನಿ ಮೇರಿ ಬ್ರೂಸರ ಪಾಲನ್ನು ಹೇಳದೆ ಬಿಡುವುದು ನ್ಯಾಯವಲ್ಲ. ದೂರದ ಉಬೊಂಬೊ ಬೆಟ್ಟದ ಮೇಲಣ ಬಿಡಾರದಲ್ಲಿ ಆಕೆ ಪ್ರಯೋಗಗಳಲ್ಲಿ ಕೈಜೋಡಿಸಿದರು. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಚಿತ್ರಿಸಿಕೊಟ್ಟರು. ಬಿರುದುಗಳೆಲ್ಲಾ ಗಂಡನಿಗೆ ಬಂದುವು. 1931ರ ನವೆಂಬರಿನಲ್ಲಿ ಆಕೆ ತೀರಿಕೊಂಡ ನಾಲ್ಕು ದಿವಸಗಳಲ್ಲಿ ಬ್ರೂಸರೂ ತೀರಿಕೊಂಡರು. ತಮ್ಮ ಜೀವನವನ್ನು ಯಾರಾದರೂ ಬರೆದರೆ ಹೆಂಡತಿಯ ಕೆಲಸಕ್ಕೆ ಸಲ್ಲತಕ್ಕ ಮಾನವನ್ನು ಸಲ್ಲಿಸಬೇಕೆಂದು ಅವರು ಕೊನೆಯಲ್ಲಿ ಕೇಳಿಕೊಂಡಿದ್ದರು.

ಬ್ರೂಸರ ಬಳಿಕ ಇವಾನ್ಸರ ಹದಿನೈದು ವರ್ಷದ ಹಳೆಯ ವರದಿಗೆ ಬೆಲೆ ಬಂದಿತು. 1917ರಲ್ಲಿ ಲಿವರ್‌ಪೂಲಿನ ಉಷ್ಣವಲಯದ ವೈದ್ಯಶಾಲೆಯು ಅವರಿಗೆ ಪದಕವನ್ನು ಕೊಟ್ಟು ಗೌರವಿಸಿತು. ಆಗ ಅವರಿಗೆ ಎಂಬತ್ತು ದಾಟಿತ್ತು. ಅವರು ನೂರು ವರ್ಷಗಳನ್ನು ತುಂಬಿಸಿ 1935ರಲ್ಲಿ ನಿಧನರಾದುದರಿಂದ ಈ ಮನ್ನಣೆಯನ್ನು ಕಣ್ಣಾರೆ ಕಾಣುವಂತಾಯಿತು. ಎಲ್ಲರಿಗೂ ಇಷ್ಟು ಆಯುಸ್ಸು ದೊರೆಯುವುದಿಲ್ಲ.

ನೊಣಗಳ ವಿಷಯದಲ್ಲಿ ಸಿಂಧೂತೀರದ ಜನರು ಹೇಳಿದ್ದೂ ನಿಜವಾಯಿತು. ಹಿಮಾಲಯದ ಮುಕ್ತೇಶ್ವರದಲ್ಲಿ ಸರಕಾರದ ಪಶುರೋಗ ಸಂಶೋಧನಾಲಯವಿತ್ತು (1889ರಲ್ಲಿ ಪುಣೆಯಲ್ಲಿ ಆರಂಭವಾದ ಆ ಸಂಸ್ಥೆಯೇ ಈಗಿನ ಭಾರತೀಯ ಪಶುವೈದ್ಯ ಸಂಶೋಧನ ಸಂಸ್ಥೆ). ಅಲ್ಲಿ ಕೆಲಸಮಾಡಿದ ಲಿಯೊನಾರ್ಡ್ ರೋಜರ್ಸರು 1901ರಲ್ಲಿ, ದನಗಳನ್ನು ಕಚ್ಚುವ ದೊಡ್ಡ ನೊಣಗಳು ಸರ್ರಾವನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಸಾಗಿಸುವುವೆಂದು ಪ್ರಯೋಗಪೂರ್ವಕವಾಗಿ ಪ್ರಕಟಿಸಿದರು. ಆದರೆ ಇಲ್ಲಿಯ ನೊಣವು ರೋಗವನ್ನು ಸಾಗಿಸುವ ಕ್ರಮಕ್ಕೂ ಆಫ್ರಿಕದ ಸೆಟ್ಸಿಯ ಕ್ರಮಕ್ಕೂ ದೊಡ್ಡ ಅಂತರವಿದೆ. ಈ ಅಂತರದಲ್ಲಿಯೇ ಸರ್ರಾವಿನ ಗುಟ್ಟೆಲ್ಲಾ ಅಡಗಿದೆ.

ಸೆಟ್ಸಿಯ ಹೊಟ್ಟೆಯನ್ನು ಸೇರಿದ ಟ್ರಿಪನೊಸೋಮವು ಕೂಡಲೇ ಹೊರಬೀಳುವುದಿಲ್ಲ. ಅಲ್ಲಿ ರೂಪವನ್ನು ಬದಲಿಸುತ್ತಾ, ವಂಶವನ್ನು ಬೆಳೆಸುತ್ತಾ, ಕೆಲವು ವಾರಗಳ ಮೇಲೆ ನೊಣದ ಜೊಲ್ಲಿನ ಗ್ರಂಥಿಗಳನ್ನು ತಲುಪುವುದು. ಆಮೇಲೆಯೇ ಅದರ ಕಡಿತವು ಅಪಾಯಕರವಾಗುವುದು. ಈ ದೀರ್ಘ ಪ್ರಯಾಣವನ್ನು ಹೆಜ್ಜೆಹೆಜ್ಜೆಯಾಗಿ ಪತ್ತೆಮಾಡಿದವರಲ್ಲಿ ಮ್ಯೂರಿಯಲ್ ರಾಬರ್ಟ್‌ಸನ್ ಎಂಬ ಸ್ಕಾಟ್ಲೆಂಡಿನ ಮಹಿಳೆಯು ಮುಖ್ಯರು. 1911ರಿಂದ 1914ರ ವರೆಗೆ ಯುಗಾಂಡದಲ್ಲಿದ್ದುಕೊಂಡು ನೊಣಗಳನ್ನು ಒಂದೊಂದಾಗಿ ಸೀಳಿ ಪರೀಕ್ಷಿಸಿ ಆಕೆ ಇದನ್ನು ಸಾಧಿಸಿದರು. ಲಂಡನ್ನಿನ ರಾಯಲ್ ಸೊಸೈಟಿಯು ಸ್ತ್ರೀಯರನ್ನು ಸದಸ್ಯರನ್ನಾಗಿ ಆರಿಸಲಾರಂಭಿಸಿದ್ದೇ 1945ರಲ್ಲಿ. 1947ರಲ್ಲಿ ಆಕೆಗೂ ಆ ಗೌರವವು ಸಂದಿತು. ನೊಣದ ಕರುಳನ್ನು ಬಿಡಿಸುವುದು ಹೆಣ್ಣುಮಕ್ಕಳಿಗೆ ತಕ್ಕ ಕೆಲಸವೇ ಎಂದು ಮೂಗುಮುರಿಯುವ ಹಿರಿಯರು ಈಗಲೂ ಅಲ್ಲಲ್ಲಿ ಇರುವುದರಿಂದ ಇದನ್ನು ಬರೆದೆವು.

ಸರ್ರಾವಿನ ಜೀವಿಗಾದರೋ ಇಂಥ ಪ್ರಯಾಣವೇ ಇಲ್ಲ. ಅದು ಆಫ್ರಿಕದ ನಗಾನ ಜೀವಿಯ ವಂಶದಿಂದಲೇ ಬಂದದ್ದೆಂದು ಈಗ ತಿಳಿದುಬಂದಿದೆ. ಸೆಟ್ಸಿ ವಾಸಿಸುವ ಪ್ರದೇಶಕ್ಕೆ ಹೋದ ಒಂಟೆಗಳು ಹಿಂದೊಂದು ಕಾಲದಲ್ಲಿ ಅದನ್ನು ಅಂಟಿಸಿಕೊಂಡು ಮರಳುಗಾಡಿಗೆ ಹಿಂದಿರುಗಿರಬೇಕೆಂದು ಪಂಡಿತರು ಊಹಿಸುವರು. ನೆತ್ತರಿನಲ್ಲಿ ಸಕ್ಕರೆಯು ಧಾರಾಳವಾಗಿರುವುದು. ಅದನ್ನು ತಿಂದು ಬದುಕುವುದು ಸುಲಭ. ನೊಣದ ಹೊಟ್ಟೆಯಲ್ಲಿ ಸಕ್ಕರೆ ವಿರಳ; ಅಲ್ಲಿ ಬದುಕಲು ಬೇರೆ ಆಹಾರವನ್ನು ಅರಗಿಸುವ ಸಲಕರಣೆ ಬೇಕು. ಚಾಟಿಯ ಬುಡದಲ್ಲಿರುವ ಒಂದು ಗಂಟಿನಂಥ ಡಿ.ಎನ್.ಎ. ಭಾಗದಲ್ಲಿ ಆ ಸಲಕರಣೆಯ ಬರೆಹವಿರುವುದು. ಸರ್ರಾವಿನ ಜೀವಿಯು ಆ ಬರೆಹದ ಮುಖ್ಯಾಂಶವನ್ನು ಕಳೆದುಕೊಂಡಿದೆ. ಆದುದರಿಂದ ಸೆಟ್ಸಿಯೊಳಗೆ ಬೆಳೆಯುವ ಶಕ್ತಿ ಅದಕ್ಕಿಲ್ಲ. ಕಳೆದುಕೊಂಡದ್ದೇ ಅದಕ್ಕೆ ಲಾಭವಾಯಿತೆಂದರೆ ವಿಚಿತ್ರವಾಗಿ ತೋರಬಹುದು. ನಗಾನವು ಸೆಟ್ಸಿ ಇರುವ ಆಫ್ರಿಕದ ಎಲ್ಲೆಯನ್ನು ದಾಟಲಾರದೆ ಉಳಿಯಿತು. ಯಾವ ಕಚ್ಚುನೊಣದ ಬಾಯಿಯಾದರೂ ಸಾಕೆಂಬ ಸರ್ರಾವು ಲೋಕವನ್ನೇ ಸುತ್ತಿತು.

ನಮ್ಮ ನೊಣವು ಇದನ್ನು ಸಾಗಿಸುವುದು ಹೀಗೆ. ನೆತ್ತರು ಹೀರುವುದು ಹೆಣ್ಣುನೊಣ ಮಾತ್ರ. ಗಂಡು ಹೂವಿನ ರಸದಿಂದ ತೃಪ್ತಿಪಡುವುದು. ಹೆಣ್ಣಿನ ಬಾಯಿಯಲ್ಲಿ ಕತ್ತರಿಯ ಅಲಗುಗಳಂಥ ಭಾಗಗಳಿದ್ದು, ಅವು ಚರ್ಮವನ್ನು ಸೀಳುವಾಗ ಬಹಳ ನೋವಾಗುವುದು. ಪಶುವು ಬಾಲವನ್ನು ಬೀಸಿಯೋ ಚರ್ಮವನ್ನು ಅದುರಿಸಿಯೋ ಅದನ್ನು ಓಡಿಸುವುದು. ಅರೆಹೊಟ್ಟೆಯಲ್ಲಿ ಎದ್ದ ನೊಣವು ಊಟವನ್ನು ಮುಗಿಸಲು ಪಕ್ಕದ ಪಶುವಿನ ಮೇಲೆ ಕೂರುವುದು. ಬಾಯಿಗೆ ಅಂಟಿದ ಹಸಿನೆತ್ತರಿನೊಡನೆ ಜೀವಿಗಳೂ ದಾಟುವುವು. ಅವು ಆ ನೆತ್ತರಿನಲ್ಲಿ ಹೆಚ್ಚು ಹೊತ್ತು ಬದುಕಿರಲಾರವು. ಆದುದರಿಂದ ಪಶುಗಳನ್ನು ಒತ್ತೊತ್ತಾಗಿ ಕಟ್ಟಿದಲ್ಲಿ ಅಪಾಯವು ಹೆಚ್ಚು. ಕುದುರೆಗಳ ಮೇಲೆ ನಡೆಸಿದ ಪರೀಕ್ಷೆಗಳಲ್ಲಿ, ಎರಡು ಕುದುರೆಗಳ ನಡುವೆ ಸುಮಾರು 50 ಮೀಟರು ಅಂತರವಿದ್ದರೆ ನೊಣವು ಅಷ್ಟು ದೂರ ಹೋಗದೆ ಎದ್ದ ಕುದುರೆಯ ಮೇಲೆಯೇ ಮರಳಿ ಕೂರುವುದು ಹೆಚ್ಚೆಂದು ಕಂಡುಬಂದಿದೆ. ಈ ನೊಣಗಳ ಮರಿಗಳು ಕೆರೆ ಹಳ್ಳಗಳ ಅಂಚಿನ ಕೆಸರಿನಲ್ಲಿ ಬೆಳೆಯುವುದರಿಂದ, ಮಳೆಗಾಲದಲ್ಲಿಯೂ ಅದರ ಹಿಂದೆಯೇ ಬರುವ ತಿಂಗಳುಗಳಲ್ಲಿಯೂ ರೋಗವು ತಲೆಯೆತ್ತುವುದು. ಹೀಗೆ ಕುದುರೆಯ ಜ್ವರಕ್ಕೂ ಕೆರೆಯಂಚಿನ ಕೆಸರಿಗೂ ಸಂಬಂಧವುಂಟು.

ಹಡಗುಗಳೂ ರೋಗಕ್ಕೆ ವಾಹನವಾದುವು. 1901ರ ಸುಮಾರಿಗೆ ನಮ್ಮ ದೇಶದಿಂದ ಹೋದ ದನಗಳೊಡನೆ ಅದು ಮಾರಿಷಸ್ ದ್ವೀಪವನ್ನು ಸೇರಿತು. 1907ರಲ್ಲಿ ಆಸ್ಟ್ರೇಲಿಯದ ಪೋರ್ಟ್ ಹೆಡ್‌ಲ್ಯಾಂಡಿನಲ್ಲಿ ಇಳಿದ ಒಂಟೆಗಳಲ್ಲಿ ಸರ್ರಾ ಕಂಡುಬರಲು, ಅಲ್ಲಿಯವರು ಅವುಗಳನ್ನು ತಡಮಾಡದೆ ಕೊಂದು ರೋಗವು ನೆಲೆಯೂರದಂತೆ ಮಾಡಿದರು. ದಕ್ಷಿಣ ಅಮೆರಿಕದಲ್ಲಿ ನೆತ್ತರು ಕುಡಿಯುವ ಬಾವಲಿಯೂ ಇದನ್ನು ಹರಡುವುದು. ಯುರೋಪು ಸಹ ಹೊರತಲ್ಲ: ಕ್ಯಾನರಿ ದ್ವೀಪಗಳ ಒಂಟೆಗಳಿಂದ 2006ರಲ್ಲಿ ಫ್ರಾನ್ಸಿಗೂ 2008ರಲ್ಲಿ ಸ್ಪೇನಿನ ಒಳನಾಡಿಗೂ ಇದು ತಲುಪಿತ್ತು.

ಇಷ್ಟು ಅಲ್ಪವಾದ ಜೀವಿಯನ್ನು ದೊಡ್ಡ ಪ್ರಾಣಿಯ ಶರೀರವು ತಾನೇ ಏಕೆ ನಾಶಮಾಡಲಾರದು? ಮಾಡಲು ಅದು ಪ್ರಯತ್ನಿಸುವುದು. ಟ್ರಿಪನೊಸೋಮದ ಮೈಯೆಲ್ಲಾ ಒಂದು ಬಗೆಯ ಸಸಾರಜನಕದ ಹೊದಿಕೆಯಿಂದ ಮುಚ್ಚಿರುವುದು. ಶರೀರವು ಆ ಹೊದಿಕೆಯನ್ನು ಗುರುತಿಸಿ, ಅದಕ್ಕೆ ಸರಿಯಾದ ಪ್ರತಿವಸ್ತುವನ್ನು ಸಿದ್ಧಮಾಡಿ, ಜೀವಿಗಳನ್ನು ರಾಶಿರಾಶಿಯಾಗಿ ಕೊಲ್ಲುವುದು, ಜ್ವರವೂ ಇಳಿಯುವುದು. ಅಷ್ಟರಲ್ಲಿ ಕೆಲವು ಜೀವಿಗಳು ಬೇರೆ ಬಗೆಯ ಹೊದಿಕೆಯನ್ನು ತೊಟ್ಟಿರುವುವು. ಶರೀರವು ಅವುಗಳನ್ನು ಗುರುತಿಸಲಾರದೆ ಹೊಸದಾಗಿ ಕೆಲಸವನ್ನು ಆರಂಭಿಸಬೇಕು; ಅವು ಹೆಚ್ಚಿ ಮತ್ತೆ ಜ್ವರ ಬರುವುದು. ಇಂಥ ಹೊದಿಕೆಗಳ ಮಾದರಿಗಳು ಈ ಕುಲದ ಜೀವಿಯಲ್ಲಿ ನೂರಾರು ಇರುವುವು. ಬಿಟ್ಟು ಬಿಟ್ಟು ಬರುವ ಜ್ವರದ ಕಾರಣವು ಇದೇ. ಸರ್ರಾವಿಗೆ ಇಂದಿನವರೆಗೂ ಲಸಿಕೆಯು ದೊರೆಯದಿರುವುದೂ ಇದರಿಂದಲೇ.

ಎಲ್ಲಾ ಪ್ರಾಣಿಗಳನ್ನೂ ಅದು ಒಂದೇ ಸಮನಾಗಿ ಪೀಡಿಸುವುದಿಲ್ಲ. ಕುದುರೆಗೂ ನಾಯಿಗೂ ಅದು ಯಮ. ನಮ್ಮ ದನ ಎಮ್ಮೆಗಳಲ್ಲಿ ಅನೇಕವು ಅದನ್ನು ನೆತ್ತರಿನಲ್ಲಿಟ್ಟುಕೊಂಡೂ ರೋಗದ ಗುರುತು ತೋರದೆ ಇರುವುವು; ಹಾಲು ಸ್ವಲ್ಪ ಇಳಿಯಬಹುದು, ಗಬ್ಬ ಹಾಕಬಹುದು, ಬೇರೇನೂ ಕಾಣದು. ಉಳುಮೆಯ ದುಡಿತ, ದೂರದ ಪ್ರಯಾಣ, ಮೇವಿನ ಅಭಾವ ಮುಂತಾದುವುಗಳಿಂದ ಅವು ಬಳಲಿದಾಗ ಅಡಗಿದ್ದ ರೋಗವು ಹೊರಬೀಳುವುದು. ಅಂಥ ಎಮ್ಮೆಯ ಪಕ್ಕದಲ್ಲಿ ಕಟ್ಟಿದ ಕುದುರೆಯು ಏಕೆ ಸತ್ತಿತೆಂದು ಯಜಮಾನನಿಗೆ ತಿಳಿಯುವುದೇ ಇಲ್ಲ. ಕಲ್ಕತ್ತೆಯ ವೈದ್ಯರು ಇಲಿಯನ್ನು ತೋರಿಸಿ ಹೇಳಿದ ಮಾತಿಗೆ ನಮ್ಮ ಎಮ್ಮೆಯೇ ಉತ್ತರವನ್ನು ಕೊಡುವುದು: ಜೀವಿ ಒಂದೇ ಆದರೂ, ಅದು ಹೊಕ್ಕ ಮನೆಯಂತೆ ಅದರ ಫಲವು ಬೇರೆಯಾಗುವುದು.

ಮಾಂಸಾಹಾರಿಗಳಿಗೆ ನೊಣದ ಕಡಿತವಲ್ಲದೆ ಇನ್ನೊಂದು ದಾರಿಯಿಂದಲೂ ಇದು ಬರುವುದು. ರೋಗವಿದ್ದ ಪಶುವಿನ ಹಸಿಮಾಂಸವನ್ನು ತಿನ್ನುವಾಗ ಬಾಯಿಯ ಗಾಯಗಳ ಮೂಲಕ ಜೀವಿಗಳು ಒಳಹೊಗುವುವು. 2000ದ ಜುಲೈ ತಿಂಗಳಿನಲ್ಲಿ ಒರಿಸ್ಸಾದ ನಂದನಕಾನನ ಮೃಗಾಲಯದಲ್ಲಿ ಹತ್ತಕ್ಕೂ ಮಿಕ್ಕ ಹುಲಿಗಳು ಟ್ರಿಪನೊಸೋಮ ರೋಗದಿಂದ ಕೆಲವೇ ದಿನಗಳಲ್ಲಿ ಸತ್ತುವು. ಅಲ್ಲಿಯ ಹೆಸರಾದ ಬಿಳಿಹುಲಿಗಳೂ ಅವುಗಳಲ್ಲಿದ್ದುವು.

ಮನುಷ್ಯರಿಗೆ ಈ ರೋಗವು ಬರುವುದಿಲ್ಲವೆಂದೇ ಬಹುಕಾಲ ನಂಬಿದ್ದರು. ಮನುಷ್ಯರ ನೆತ್ತರಿನ ತಿಳಿನೀರು ಟ್ರಿಪನೊಸೋಮಗಳನ್ನು ಕೊಲ್ಲುವುದೆಂದು ಲಾವೆರಾನರು 1902ರಲ್ಲಿಯೇ ತೋರಿಸಿದ್ದರು. ಆದರೆ 2004ರಲ್ಲಿ ಮಹಾರಾಷ್ಟ್ರದ ಒಬ್ಬ ರೈತನಿಗೆ ಬಿಟ್ಟು ಬಿಟ್ಟು ಜ್ವರ ಬರಲು, ಪರೀಕ್ಷಿಸಿದವರು ಅವನ ನೆತ್ತರಿನಲ್ಲಿ ಸರ್ರಾವಿನ ಜೀವಿಯನ್ನೇ ಕಂಡು ಬೆರಗಾದರು. ಆ ಜೀವಿಯನ್ನು ಕೊಲ್ಲುವ ಒಂದು ಸಸಾರಜನಕವು ನಮ್ಮೆಲ್ಲರ ನೆತ್ತರಿನಲ್ಲಿರುವುದು; ತಂದೆತಾಯಿಗಳಿಂದ ಬಂದ ಎರಡು ಪ್ರತಿಗಳಲ್ಲಿಯೂ ದೋಷವಿದ್ದುದರಿಂದ ಅವನಲ್ಲಿ ಅದು ಇರಲೇ ಇಲ್ಲ. ಸುರಾಮಿನ್ ಎಂಬ ಔಷಧಿಯಿಂದ ಅವನು ಗುಣಹೊಂದಿದನು. ಇಷ್ಟರಿಂದ ಸಮಾಧಾನಪಡಬಹುದಾಗಿತ್ತು. ಆದರೆ 2016ರಲ್ಲಿ ವಿಯೆಟ್ನಾಮಿನಿಂದ ವರದಿಯಾದ ಮಹಿಳೆಯ ನೆತ್ತರಿನಲ್ಲಿ ಅಂಥ ಯಾವ ಕೊರತೆಯೂ ಇರಲಿಲ್ಲ; ಆದಾಗ್ಯೂ ಅವಳಿಗೆ ರೋಗವು ತಗಲಿತ್ತು. ಹಸಿಮಾಂಸವನ್ನು ಹೆಚ್ಚುವಾಗ ಕೈಗಾದ ಗಾಯದಿಂದ ಅದು ಬಂದಿರಬಹುದೆಂದು ವೈದ್ಯರು ಎಣಿಸಿದರು. ಆದುದರಿಂದ ಕೈಯಲ್ಲಿ ಗಾಯವಿರುವವರು ಹಸಿಮಾಂಸವನ್ನಾಗಲಿ ಪಶುವಿನ ನೆತ್ತರನ್ನಾಗಲಿ ಮುಟ್ಟದಿರುವುದು ಒಳ್ಳೆಯದು.

ನಮ್ಮ ನಾಡಿನಲ್ಲಿ ಬೆಂಗಳೂರಿನ ಯಲಹಂಕದಲ್ಲಿರುವ, ನಿವೇದಿ ಎಂದು ಹೆಸರಾದ, ಪಶುರೋಗಗಳ ರಾಷ್ಟ್ರೀಯ ಸಂಸ್ಥೆಯವರು ದೇಶದ ಬೇರೆಬೇರೆ ಸೀಮೆಗಳ ಪಶುಗಳ ನೆತ್ತರನ್ನು ಪರೀಕ್ಷಿಸಿ ಸರ್ರಾವಿನ ಹರವನ್ನು ಅಳೆದಿರುವರು. ಅವರು ಹುಡುಕುವುದು ಮುಖ್ಯವಾಗಿ ಪ್ರತಿವಸ್ತುವನ್ನು. ಅದು ಕಂಡರೆ ಪಶುವಿಗೆ ಎಂದಾದರೊಂದು ದಿನ ರೋಗವು ಸೋಕಿತ್ತೆಂದು ತಿಳಿಯುವುದೇ ಹೊರತು, ಈಗಲೂ ಇದೆಯೆಂದು ನಿಶ್ಚಯವಾಗದು. ಜೀವಿಯನ್ನೇ ಕಣ್ಣಾರೆ ಕಾಣಬೇಕಾದರೆ ಇವಾನ್ಸರ ಹಳೆಯ ಮಾರ್ಗವೇ ಇಂದಿಗೂ ಉಂಟು: ಕಿವಿಯ ನರದಿಂದ ಒಂದು ಹನಿ ನೆತ್ತರನ್ನು ತೆಗೆದು ಗಾಜಿನ ಮೇಲೆ ನೋಡುವುದು. ಜ್ವರವಿಳಿದ ದಿನ ನೋಡಿದರೆ ಏನೂ ಕಾಣದೆ ಹೋಗಬಹುದು. ಆದುದರಿಂದ ಮನೆಯ ಎಮ್ಮೆಯೋ ನಾಯಿಯೋ ಮಳೆ ಹಿಂದಾದ ಕಾಲದಲ್ಲಿ ಬಿಟ್ಟು ಬಿಟ್ಟು ಜ್ವರದಿಂದ ಸೊರಗುತ್ತಿದ್ದರೆ, ಮೈ ಬಿಸಿಯಾಗಿರುವ ದಿನವೇ ಪಶುವೈದ್ಯರನ್ನು ಕರೆಯಿಸಿ ನೆತ್ತರನ್ನು ಪರೀಕ್ಷಿಸಬೇಕು. ರೋಗವು ಕಂಡುಬಂದರೆ ಚುಚ್ಚುಮದ್ದು ಉಂಟು, ಬೇಗನೆ ಕೊಟ್ಟಷ್ಟೂ ಅದರ ಫಲವು ಹೆಚ್ಚು.